ಸಾಂಬಾರಿನ ಪಾತ್ರೆಗೆ ಅಂಟಿದ ಪೇಟೆಂಟ್

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ನಮ್ಮ ಬಾಸ್ ನನ್ನ ಮೇಜಿನ ಹತ್ತಿರ ಬಂದರು. ಎಂದಿನಂತೆ ಮೇಜಿನ ಅಂಚಿಗೆ ಒರಗಿ ಹರಟಲಿಲ್ಲ. ನಿಂತೇ ಟ್ಯಾಬ್ಲೆಟ್ ಚಾಚಿ, "ಇದು ನೀನೇನಾ?" ಎಂದು ಕೇಳಿದರು. ಅವರು ಇಲ್ಲಿಯ ಬಿಳಿಯರು, ಆಡಿದ್ದು ಇಂಗ್ಲಿಷಿನಲ್ಲಿ. ನನಗೆ ಮಾತ್ರ ಅವರ ಮಾತೆಲ್ಲ ಕನ್ನಡದಲ್ಲೇ ನೆನಪಾಗುತ್ತದೆ.

ಪರದೆಯ ಮೇಲೆ ಅಮೆರಿಕದ ಪೇಟೆಂಟೊಂದರ ಮೊದಲ ಪುಟವಿತ್ತು. ಕಂಡುಹಿಡಿದವರು ಎಂಬಲ್ಲಿ ಎರಡು ಹೆಸರು, ಎರಡನೆಯದು ನನ್ನದು. ಎಷ್ಟೋ ವರ್ಷದ ಮೇಲೆ ಅದನ್ನು ಕಂಡ ಖುಷಿಗೆ, "ಹೌದು, ನಾನೇ" ಎಂದು ನಕ್ಕುಬಿಟ್ಟೆ. ಆ ನಗುವನ್ನು ಅವರು ಏನೆಂದು ತಿಳಿದರೋ ಎಂದು ಇವತ್ತಿಗೂ ಯೋಚಿಸುತ್ತೇನೆ. ಅವರು ನಗಲಿಲ್ಲ. "ಈ ಪೇಟೆಂಟ್ ಹಿಡಿದುಕೊಂಡು ನಮ್ಮ ಮೇಲೆ ಕೇಸ್ ಹಾಕಿದ್ದಾರೆ" ಎಂದು ಹೇಳಿ, ಟ್ಯಾಬ್ಲೆಟ್ಟಿನ ಹೊದಿಕೆ ಮುಚ್ಚಿಕೊಂಡು ಹೋದರು.

ಆಕ್ಲೆಂಡಿನ ಮನುಕಾವ್‌ನಲ್ಲಿ ನಮ್ಮದು ಹನ್ನೆರಡು ಜನರ ಕಂಪನಿ. ಮೀನು, ಮಾಂಸ ಸಾಗಿಸುವ ಪೆಟ್ಟಿಗೆಗಳಿಗೆ ಅಂಟಿಸುವ ಬಿಲ್ಲೆಗಳನ್ನು ಮಾಡುತ್ತೇವೆ. ಒಳಗಿನ ಬಿಸಿ ಅಥವಾ ತಂಪನ್ನು ಅಳೆದು, ಈ ಸರಕು ಇನ್ನೆಷ್ಟು ಹೊತ್ತು ಕೆಡದೆ ಇರುತ್ತದೆ ಎಂದು ಮುಂಚಿತವಾಗಿ ತಿಳಿಸುವ ಬಿಲ್ಲೆ. ಅಮೆರಿಕದ ಕೆಲವರು ಕೊಳ್ಳುತ್ತಾರೆ, ಹಾಗಾಗಿ ದಾವೆ ಅಲ್ಲಿಯ ಕೋರ್ಟಿನಲ್ಲಿ. ದಾವೆ ಹೂಡಿದ ಕಂಪನಿ ಬಿಲ್ಲೆ ಮಾಡುವುದಿಲ್ಲ. ಅಸಲಿಗೆ ಏನನ್ನೂ ಮಾಡುವುದಿಲ್ಲ. ಅದಕ್ಕೆ ಕಾರ್ಖಾನೆಯಿಲ್ಲ, ಗಿರಾಕಿಗಳಿಲ್ಲ, ಒಂದು ವಿಳಾಸವಿದೆ ಅಷ್ಟೆ. ಮುಳುಗಿಹೋದ ಕಂಪನಿಗಳ ಪೇಟೆಂಟ್‌ಗಳನ್ನು ಅಗ್ಗಕ್ಕೆ ಕೊಂಡು, ಬದುಕಿರುವ ಕಂಪನಿಗಳ ಮೇಲೆ ದಾವೆ ಹಾಕುವುದೇ ಅದರ ವ್ಯಾಪಾರ. ವಕೀಲರ ಖರ್ಚಿಗೆ ಹೆದರಿ ಬಹಳ ಜನ ಕೇಳಿದಷ್ಟು ಕೊಟ್ಟು ಕೈತೊಳೆದುಕೊಳ್ಳುತ್ತಾರಂತೆ.

ಇಲ್ಲಿಗೆ ಸೇರುವ ಮೊದಲು ನಾನು ಇದೇ ಊರಿನ ಹೆಂಡರ್ಸನ್ ಬಡಾವಣೆಯಲ್ಲಿ ಮೈಸೂರಿನವರೊಬ್ಬರು ನಡೆಸುತ್ತಿದ್ದ ಪುಟ್ಟ ಕಂಪನಿಯಲ್ಲಿದ್ದೆ. ಅಲ್ಲೂ ಇಂಥದೇ ಬಿಲ್ಲೆ ಮಾಡಲು ಹೊರಟಿದ್ದೆವು. ಪೇಟೆಂಟ್ ಬರುವ ಹೊತ್ತಿಗೆ ಕಂಪನಿ ಬಾಗಿಲು ಹಾಕಿತು. ಈಗ ನನ್ನದೇ ಕೈಕೆಲಸದ ಹಕ್ಕನ್ನು ಯಾರೋ ಕೊಂಡು, ನನಗೆ ಅನ್ನ ಕೊಡುತ್ತಿರುವವರ ಮೇಲೆ ಬೀಸಿದ್ದರು. ಸಾಲದೆಂಬಂತೆ, ನಮ್ಮ ಈಗಿನ ಬಿಲ್ಲೆ ಒಳಗೊಳಗೆ ಹೇಗೆ ಲೆಕ್ಕ ಹಾಕುತ್ತದೆ ಎಂಬುದೂ ದಾವೆಯಲ್ಲಿ ವಿವರವಾಗಿತ್ತು. ನಾವು ಅದನ್ನು ಎಲ್ಲೂ ಪ್ರಕಟಿಸಿರಲಿಲ್ಲ. ಹಾಗಾದರೆ ಹೇಳಿದವರು ಯಾರು? ಉಳಿದ ಹನ್ನೊಂದು ಜನ ಮಾಡಿದ ಊಹೆಯನ್ನು ನನ್ನ ಮುಂದೆ ಯಾರೂ ಆಡಲಿಲ್ಲ. ಆಡಿದ್ದರೆ ಉತ್ತರ ಕೊಡಬಹುದಿತ್ತು.

ನನ್ನ ಲ್ಯಾಪ್‌ಟಾಪನ್ನು ಅಪ್‌ಡೇಟ್ ಮಾಡಬೇಕೆಂದು ಒಯ್ದು ಮರುದಿನ ತಂದುಕೊಟ್ಟರು. ಬೇರೆ ಯಾರದ್ದನ್ನೂ ಒಯ್ಯಲಿಲ್ಲ. ನಾನೇ ಬರೆದಿದ್ದ ಪ್ರೋಗ್ರಾಂ ತೆರೆದರೆ ಓದಬಹುದಿತ್ತು, ತಿದ್ದುವ ಹಾಗಿರಲಿಲ್ಲ. ನಾನು ಕಾಫಿಗೆ ಎದ್ದರೆ ಅಡುಗೆಕೋಣೆಯಲ್ಲಿ ಮಾತು ರಗ್ಬಿಯ ಕಡೆಗೆ ತಿರುಗುತ್ತಿತ್ತು. ರಗ್ಬಿ ನನಗೆ ಗೊತ್ತಿಲ್ಲವೆಂದು ಅವರಿಗೆಲ್ಲ ಗೊತ್ತು.

"ನಿನ್ನ ಮೇಲೆ ನೀನೇ ಕೇಸ್ ಹಾಕ್ಕೊಂಡ ಮೊದಲ ಹೆಂಗಸು ನೀನೇ ಇರಬೇಕು ಕಣೇ" ಎಂದು ಗಂಡ ತಮಾಷೆ ಮಾಡಿದರು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ, "ನೀನು ಯಾರ ಹತ್ರಾನೂ ಏನೂ ಹೇಳಿಲ್ಲ ತಾನೆ?" ಎಂದರು. ಆ ರಾತ್ರಿಯಿಂದ ನನಗೆ ನಿದ್ದೆ ಹತ್ತುವುದು ನಿಂತಿತು.

ಎರಡನೆಯ ವಾರ ಅಮೆರಿಕದಿಂದ ಒಬ್ಬ ಹೆಂಗಸು ಫೋನ್ ಮಾಡಿದಳು. ಬಹಳ ನಯವಾದ ದನಿ. ಪೇಟೆಂಟ್ ಕೊಂಡವರ ಪರವಾಗಿ ಮಾತಾಡುತ್ತಿದ್ದಾಳಂತೆ, ನನ್ನಂಥ ಪ್ರತಿಭಾವಂತರ ಸಮಯಕ್ಕೆ ತಕ್ಕ ಸಂಭಾವನೆ ಕೊಡಲು ಅವರು ಸಿದ್ಧರಂತೆ. ನಾನು ಫೋನಿಟ್ಟು ಸೀದಾ ಬಾಸ್ ಹತ್ತಿರ ಹೋಗಿ ಹೇಳಿದೆ. ಅವರು ಥ್ಯಾಂಕ್ಸ್ ಎಂದರು. ನಾನು ಬಾಗಿಲು ದಾಟುವಾಗ ಕೇಳಿದರು: "ನಿನ್ನ ನಂಬರ್ ಅವರಿಗೆ ಹೇಗೆ ಸಿಕ್ಕಿತು?"

ಆ ಶನಿವಾರ ಹೆಂಡರ್ಸನ್‌ಗೆ ಹೋಗಿ ಹಳೆಯ ಬಾಸನ್ನು ಹಿಡಿದೆ. ಈಗ ಅವರು ಸೋಲಾರ್ ಪ್ಯಾನೆಲ್ ಕೂರಿಸುವ ಕೆಲಸ ಮಾಡುತ್ತಾರೆ. ಅಂಗಡಿ ಸಾಲಿನ ಮುಂದೆ ಯುಟ್, ಅಂದರೆ ಹಿಂದೆ ಸಾಮಾನು ಹೇರುವ ಗಾಡಿ, ನಿಲ್ಲಿಸಿಕೊಂಡು ಪೈ ತಿನ್ನುತ್ತಿದ್ದರು.

"ಏನಮ್ಮಾ, ಅಪರೂಪ!"

"ಸರ್, ನಮ್ಮ ಪೇಟೆಂಟನ್ನ ನೀವು ಮಾರಿದ್ರಾ?"

"ನಾನೆಲ್ಲಿ ಮಾರ್ಲಿ ಕಣಮ್ಮಾ. ಕಂಪನಿ ಮುಚ್ಚೋಕೆ ಬಂದೋನು ಮಾರ್ದ. ನನ್ನ ಕುರ್ಚಿನೂ ಮಾರ್ದ. ಕುರ್ಚಿಗೇ ಜಾಸ್ತಿ ಬಂತೂಂತ ಕಾಣತ್ತೆ."

"ಮತ್ತೆ ನಾನೀಗಿರೋ ಕಂಪನಿಯ ಒಳಗಿನ ವಿಷಯ ಅದನ್ನ ಕೊಂಡವರಿಗೆ ಯಾರು ಹೇಳಿದ್ದು?"

"ನನ್ನ ಕೇಳ್ತೀಯಲ್ಲ! ಅಲ್ಲಿ ಕೆಲಸ ಮಾಡೋದು ನೀನು. ನಿಂಗೇ ಗೊತ್ತಿರಬೇಕು."

ನಗುತ್ತಲೇ ಹೇಳಿದರು. ಯುಟ್ ಹೊಸದು, ಸೀಟಿನ ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆದಿರಲಿಲ್ಲ. ನಾನು ನೋಡಿದ್ದನ್ನು ಅವರು ನೋಡಿದರು. "ಭಾಮೈದಂದು" ಎಂದರು, ನಾನು ಕೇಳದಿದ್ದರೂ. ವಾಪಸ್ ಬರುವಾಗ ದಾರಿಯುದ್ದಕ್ಕೂ ಆ ಪ್ಲಾಸ್ಟಿಕ್ಕೇ ಕಣ್ಣಮುಂದೆ. ಒಬ್ಬರ ಸೀಟಿನ ಹೊದಿಕೆಯಿಂದ ಅವರ ನಿಯತ್ತನ್ನು ಅಳೆಯುವ ಮಟ್ಟಕ್ಕೆ ನಾನು ಇಳಿದಿದ್ದೆ.

ನಮ್ಮ ಕಂಪನಿ ಗೊತ್ತು ಮಾಡಿದ ಅಮೆರಿಕದ ವಕೀಲ ವೀಡಿಯೊದಲ್ಲಿ ನನ್ನನ್ನು ವಿಚಾರಿಸಿದ. ಅವನಿಗೆ ಬೇಕಿದ್ದದ್ದು ಒಂದೇ ಸಂಗತಿ: ಪೇಟೆಂಟ್‌ಗೆ ಅರ್ಜಿ ಹಾಕುವ ಒಂದು ವರ್ಷಕ್ಕೂ ಹಿಂದೆ ಆ ಬಿಲ್ಲೆಯನ್ನು ಎಲ್ಲಾದರೂ ಬಹಿರಂಗವಾಗಿ ಬಳಸಿದ್ದೆವೇ? ಬಳಸಿದ್ದರೆ ಪೇಟೆಂಟ್ ಅಲ್ಲಿಗೇ ಬಿದ್ದುಹೋಗುತ್ತದೆ. ನಾನು ಯೋಚಿಸಿ ಇಲ್ಲ ಎಂದೆ. ಮೇಳ, ಪ್ರದರ್ಶನ, ಗಿರಾಕಿಗಳು? ಇಲ್ಲ. ಹೊರಗಿನವರು ಯಾರಾದರೂ? ಇಲ್ಲ. ಎರಡು ಸಲ ಕೇಳಿದ, ಎರಡು ಸಲವೂ ಇಲ್ಲ ಎಂದೆ, ಅವನು ಬರೆದುಕೊಂಡ.

ಅದಾಗಿ ಕೆಲವು ದಿನಕ್ಕೆ ಮೌಂಟ್ ರಾಸ್ಕಿಲ್‌ನ ಆಂಟಿಯ ಮನೆಗೆ ಹೋಗಿದ್ದೆ. ಆಂಟಿ ಹುಬ್ಬಳ್ಳಿಯವರು, ಔಷಧಿ ಅಂಗಡಿ ನಡೆಸಿ ಈಗ ನಿವೃತ್ತರು. ಕನ್ನಡದವರ ಊಟ ಎಲ್ಲೇ ನಡೆದರೂ ಸೌಟು ಅವರ ಕೈಯಲ್ಲಿ. ನಾನು ಸೊರಗಿರುವುದನ್ನು ಕಂಡು ಕೂರಿಸಿಕೊಂಡು ಕೇಳಿದರು. ಹೇಳಿದೆ. ಬಿಲ್ಲೆ ಎಂದರೆ ಹೇಗಿರುತ್ತದೆ ಎಂದು ಕೈಯಲ್ಲಿ ತೋರಿಸಿದೆ.

"ಅಯ್ಯ, ನಮ್ಮ ಸಾಂಬಾರ್ ಬೋಗಾಣಿಗೆ ಹಚ್ಚಿದ್ಯಲ್ಲಾ, ಅದೇನವಾ?"

ನನ್ನ ಕೈ ಅಲ್ಲೇ ನಿಂತಿತು.

ಅದು ನಾನು ಹಳೆಯ ಕಂಪನಿಯಲ್ಲಿದ್ದಾಗಿನ ರಾಜ್ಯೋತ್ಸವದ ಊಟ. ಶಾಲೆಯೊಂದರ ಹಾಲ್ ಬಾಡಿಗೆಗೆ ಹಿಡಿದಿದ್ದೆವು. ಅದರ ಹಿಂದಿನ ವರ್ಷ ಪಲಾವ್ ಹಳಸಿ ಮಕ್ಕಳಿಗೆ ವಾಂತಿಯಾಗಿತ್ತು. ಈ ಸಲ ಹಾಗಾಗಬಾರದೆಂದು ಆಂಟಿ ತಲೆ ತಿಂದರು. ನಾನು ಪ್ರತಿ ಪಾತ್ರೆಗೂ ಒಂದೊಂದು ಬಿಲ್ಲೆ ಅಂಟಿಸಿ, ಯಾವುದನ್ನು ಯಾವಾಗ ಮತ್ತೆ ಬಿಸಿಮಾಡಬೇಕೆಂದು ದೊಡ್ಡ ಪರದೆಯ ಮೇಲೆ ಕಾಣುವಂತೆ ಮಾಡಿದ್ದೆ. ನೂರಾರು ಜನ ಅದನ್ನು ನೋಡುತ್ತ ಉಂಡಿದ್ದರು. ಅರ್ಜಿ ಹಾಕಿದ್ದು ಅದರ ಮರುವರ್ಷದ ರಾಜ್ಯೋತ್ಸವವೂ ಕಳೆದ ಮೇಲೆ.

ಸುಳ್ಳು ಹೇಳಬೇಕೆಂದು ನಾನು ಇಲ್ಲ ಎಂದಿರಲಿಲ್ಲ. ವಕೀಲ ಹೊರಗಿನವರು ಎಂದಾಗ ನನ್ನ ಕಣ್ಣಿಗೆ ಬಂದದ್ದು ಟೈ ಕಟ್ಟಿದ, ಕೈಕುಲುಕುವ ಜನ. ಎಲೆ ಮುಂದೆ ಕೂತು "ಸ್ವಲ್ಪ ತುಪ್ಪ ಹಾಕಮ್ಮ" ಎನ್ನುವವರು ಹೊರಗಿನವರು ಹೇಗಾಗುತ್ತಾರೆ? ಅವರಲ್ಲಿ ಮುಕ್ಕಾಲು ಜನರ ಹೆಸರು ನನಗೆ ಗೊತ್ತಿರಲಿಲ್ಲ. ಆದರೂ ಅವರು ನಮ್ಮವರು. ನಮ್ಮವರ ಮುಂದೆ ಮಾಡಿದ್ದು ಮನೆಯೊಳಗೆ ಮಾಡಿದ ಹಾಗೆ, ಲೆಕ್ಕಕ್ಕಿಲ್ಲ.

"ಅಂಕಲ್ ಕ್ಯಾಮೆರಾ ಹಿಡಕೊಂಡು ಸುಮ್ನ ಅಡ್ಡಾಡತಿದ್ರೇನ? ಎಲ್ಲಾ ಇರ್ತದ ತಡಿ" ಎಂದು ಆಂಟಿ ಗಂಡನನ್ನು ಕೂಗಿದರು. ಅಂಕಲ್ ಪ್ರತಿ ಊಟದ ಸಾಲನ್ನೂ ಒಂದು ಎಲೆ ಬಿಡದೆ ಚಿತ್ರೀಕರಿಸುವವರು. ಯಾರನ್ನಾದರೂ ಬಿಟ್ಟರೆ ಅವರು ವರ್ಷವಿಡೀ ಮುನಿಸಿಕೊಳ್ಳುತ್ತಾರೆ. ಹಾಗೆ ತೆಗೆದದ್ದನ್ನೆಲ್ಲ ಅದೇ ವಾರ ಅಂತರ್ಜಾಲಕ್ಕೂ ಹಾಕುತ್ತಾರೆ, ಯಾರೂ ನೋಡುವುದಿಲ್ಲ. ಆ ವರ್ಷದ ವೀಡಿಯೊದಲ್ಲಿ ಪಾಯಸದ ಸರದಿ ದಾಟಿದ ಮೇಲೆ ಸಿಕ್ಕಿತು: ಬೋಗಾಣಿ, ಬಿಲ್ಲೆ, ಪರದೆ, ಮೈಕ್ ಹಿಡಿದು ಬಿಲ್ಲೆಯ ಗುಣಗಾನ ಮಾಡುತ್ತಿರುವ ನಾನು.

ಮರುದಿನ ಬಾಸ್‌ಗೆ ತೋರಿಸಿದೆ. ಅವರು ಖುಷಿಯಿಂದ ಕುಣಿಯುತ್ತಾರೆಂದುಕೊಂಡಿದ್ದೆ. ಎರಡು ಸಲ ನೋಡಿ, "ಇದು ಇಷ್ಟು ದಿನ ನಿನಗೆ ನೆನಪಿರಲಿಲ್ಲ?" ಎಂದರು.

ಅದೇ ಪ್ರಶ್ನೆ ಎದುರು ವಕೀಲನ ಬಾಯಲ್ಲೂ ಬಂತು. ಆಕ್ಲೆಂಡ್ ಪೇಟೆಯ ಕಚೇರಿಯೊಂದರಲ್ಲಿ ನನ್ನನ್ನು ಕೂರಿಸಿ, ಪ್ರಮಾಣ ಮಾಡಿಸಿ, ವೀಡಿಯೊದಲ್ಲಿ ಹೇಳಿಕೆ ತೆಗೆದುಕೊಂಡರು. ಬೆಳಗಿನಿಂದ ಮಧ್ಯಾಹ್ನದವರೆಗೆ. ಆ ಮನುಷ್ಯ ಒಮ್ಮೆಯೂ ದನಿ ಏರಿಸಲಿಲ್ಲ, ನನಗೆ ಭಯ ಹುಟ್ಟಿದ್ದೇ ಅದರಿಂದ.

"ಹಿಂದೆ ಪೇಟೆಂಟ್ ಅರ್ಜಿಗೆ ಪ್ರಮಾಣ ಮಾಡಿ ಸಹಿ ಹಾಕಿದ್ದೀರಿ. ಆಗ ಈ ಊಟದ ವಿಷಯ ಹೇಳಲಿಲ್ಲ. ಇವತ್ತು ಮತ್ತೆ ಪ್ರಮಾಣ ಮಾಡಿದ್ದೀರಿ. ಯಾವಾಗಿನದು ಸುಳ್ಳು?"

ಆಗಿನದು ಎಂದರೂ ಸುಳ್ಳುಗಾತಿ, ಇವತ್ತಿನದು ಎಂದರೂ ಸುಳ್ಳುಗಾತಿ. ಈಗಲೂ ಬಸ್ಸಿನಲ್ಲಿ ಕೂತಾಗ, ಪಾತ್ರೆ ತೊಳೆಯುವಾಗ ಆ ಪ್ರಶ್ನೆ ಕೇಳಿಸುತ್ತದೆ, ಪ್ರತಿ ಸಲವೂ ನಾನು ಹೇಳಿದ್ದಕ್ಕಿಂತ ಒಳ್ಳೆಯ ಉತ್ತರ ಹೊಳೆಯುತ್ತದೆ. ಆ ದಿನ ಬಂದದ್ದು ಇಷ್ಟೇ: "ಆಗ ಯಾರೂ ಕೇಳಲಿಲ್ಲ. ಊಟ ಬಡಿಸುವುದು ಬಹಿರಂಗ ಬಳಕೆ ಆಗುತ್ತದೆಂದು ನನಗೂ ಗೊತ್ತಿರಲಿಲ್ಲ."

"ಅಂದರೆ ಅದೊಂದು ಪ್ರಯೋಗವಾಗಿತ್ತು. ಅಲ್ಲವೇ?" ತಟ್ಟನೆ ಕೇಳಿದ, ಬಹಳ ಮೃದುವಾಗಿ. ಸಹಾಯ ಮಾಡುತ್ತಿರುವನೋ ಎಂಬಂತೆ. ನಮ್ಮ ವಕೀಲ ಮೊದಲೇ ಎಚ್ಚರಿಸಿದ್ದ: ಪ್ರಯೋಗ ಬಹಿರಂಗ ಬಳಕೆಯ ಲೆಕ್ಕಕ್ಕೆ ಬರುವುದಿಲ್ಲ, ಹಾಗೆಂದು ಒಪ್ಪಿದರೆ ವೀಡಿಯೊ ಕೆಲಸಕ್ಕೆ ಬಾರದು, ಪೇಟೆಂಟ್ ಉಳಿಯುತ್ತದೆ. ಅಲ್ಲ ಎಂದೆ. ಹೇಳುವಾಗ ಪಕ್ಕದಲ್ಲಿ ಕೂತಿದ್ದ ನಮ್ಮ ಬಾಸ್ ಕಡೆ ಕಣ್ಣು ಹೊರಳಿತು. ಅವರು ಪರದೆಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು.

ಮಾರನೆಯ ದಿನ ಆಂಟಿಯ ಸರದಿ. ಸಂಜೆ ಅವರ ಮನೆಯಲ್ಲಿ ಚಹಾ ಕುಡಿಯುತ್ತ ವರದಿ ಒಪ್ಪಿಸಿದರು.

"ಪ್ರಯೋಗ ಇತ್ತೇನ್ರಿ ಅಂತ ಕೇಳಿದಾ. ನಾ ಅಂದೆ, ಏನಪಾ, ಅಷ್ಟು ಮಂದಿ ಊಟದ ಮ್ಯಾಲೆ ಪ್ರಯೋಗ ಮಾಡಾಕ ನಾ ಬಿಡ್ತೀನೇನು? ಹಿಂದಿನ ವರ್ಷ ಹುಡುಗೂರು ವಾಂತಿ ಮಾಡಿದ್ದು ಬಳದಾಕಿ ನಾನು. ಆಟಕ್ಕ ಹಚ್ಚಿದ್ದಲ್ಲ ಅದು, ಸಾಂಬಾರ್ ಕೆಡಬಾರದಂತ ಹಚ್ಚಿದ್ದು."

"ಇಂಗ್ಲಿಷ್‌ನಲ್ಲಿ ಹಿಂಗೇ ಹೇಳಿದ್ರಾ ಆಂಟಿ?"

"ಇದಕ್ಕಿಂತ ಜೋರ್ ಹೇಳೇನಿ. ಗುಟ್ಟಾಗಿಡ್ರಿ ಅಂತ ಯಾರರೆ ಹೇಳಿದ್ರೇನು ಅಂದಾ. ಗುಟ್ಟಂತ ಗುಟ್ಟು! ಆಕಿ ಮೈಕ್ ಬಿಡವಲ್ಲಳಾಗಿದ್ಲು, ನಾನ ಕಸಗೊಂಡೆ ಅಂದೆ. ಆ ಮನಶ್ಯಾ ಮತ್ತ ಏನೂ ಕೇಳಲಿಲ್ಲ ನೋಡು."

"ವೀಡಿಯೊ ತೆಗೆದದ್ದು ನಾನು. ನನ್ನ ಒಂದು ಮಾತು ಕೇಳಲಿಲ್ಲ ಯಾರೂ" ಎಂದು ಅಂಕಲ್ ಗೊಣಗಿದರು.

ಮುಂದಿನ ತಿಂಗಳು ಪೇಟೆಂಟ್ ಕೊಂಡವರು ದಾವೆ ವಾಪಸ್ ತೆಗೆದುಕೊಂಡರು. ನಮ್ಮ ಮೇಲೆ ಅದನ್ನು ಮತ್ತೆ ಹೂಡುವಂತಿಲ್ಲ. ತೀರ್ಪಿಲ್ಲ, ಕ್ಷಮೆಯಿಲ್ಲ, ಎರಡು ಸಾಲಿನ ಮೇಲ್. ಪೇಟೆಂಟ್ ಈಗಲೂ ಅವರ ಬಳಿಯೇ ಇದೆ, ಇನ್ಯಾರ ಮೇಲೆ ಬೀಸುತ್ತಾರೋ. ಆಫೀಸಿಗೆ ಪಿಜ್ಜಾ ಬಂತು. ಎಲ್ಲರೂ ನನ್ನ ಬೆನ್ನು ತಟ್ಟಿದರು. ನನ್ನ ಪ್ರೋಗ್ರಾಂ ಮಾತ್ರ ಇನ್ನೂ ಓದುವುದಕ್ಕಷ್ಟೇ ತೆರೆಯುತ್ತಿತ್ತು. ಆ ರಾತ್ರಿಯೂ ನಿದ್ದೆ ಬರಲಿಲ್ಲ.

ಶುಕ್ರವಾರ ಬಾಸ್ ಕೋಣೆಗೆ ಹೋಗಿ ಬಾಗಿಲು ಹಾಕಿದೆ. "ನನ್ನ ಲ್ಯಾಪ್‌ಟಾಪ್ ತೆಗೆಸಿ ನೋಡಿದ್ದು ಯಾರು?"

ಅವರು ಪೆನ್ನು ಕೆಳಗಿಟ್ಟರು. "ನಾನೇ. ಮೊದಲ ವಾರವೇ. ನಿನ್ನ ಮೇಲೆ ನನಗೆ ಅನುಮಾನವಿತ್ತು."

"ಈಗ?"

"ಅವರು ನಮ್ಮ ಬಿಲ್ಲೆಯೊಂದನ್ನು ಕೊಂಡು ಒಡೆದು ನೋಡಿದ್ದರಂತೆ. ಒಳಗಿನ ವಿವರ ಸಿಕ್ಕಿದ್ದು ಹಾಗೆ. ವಕೀಲ ಹೇಳಿ ಒಂದು ತಿಂಗಳಾಯಿತು."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಬೇಕಾದರೆ ನಿನ್ನನ್ನು ಅನುಮಾನಿಸಿದ್ದನ್ನೂ ಹೇಳಬೇಕಾಗಿತ್ತು."

ಇಷ್ಟು ದಿನ ನಾನು ಊಹಿಸಿಕೊಂಡದ್ದೆಲ್ಲ ನಿಜವಾಗಿತ್ತು. ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಅದರ ಜೊತೆಗೆ, ನನಗೆ ಹುಚ್ಚು ಹಿಡಿದಿರಲಿಲ್ಲ ಎಂಬ ಸಮಾಧಾನ. ಅವರು ಕ್ಷಮಿಸು ಎಂದರು, ಮುಂದಿನ ಬಿಲ್ಲೆಯ ಕೆಲಸ ನೀನೇ ವಹಿಸಿಕೋ ಎಂದರು. ಮೊದಲು ನನ್ನ ಪ್ರೋಗ್ರಾಂ ನನಗೆ ವಾಪಸ್ ಕೊಡಿ, ಇಲ್ಲೇ, ಈಗಲೇ ಎಂದೆ. ಅವರು ಕಂಪ್ಯೂಟರನ್ನು ನನ್ನ ಕಡೆಗೆ ತಿರುಗಿಸಿ, ನನಗೆ ಕಾಣುವಂತೆ ಬೀಗ ತೆಗೆದರು. ನಾನು ಕೂತು ಒಂದು ಸಾಲು ತಿದ್ದಿ ಉಳಿಸಿದೆ. ಉಳಿಯಿತು. ಈ ಕೆಲಸದಲ್ಲಿ ನಾನು ಉಳಿಯುತ್ತೇನೋ ಇಲ್ಲವೋ ಸೋಮವಾರ ಹೇಳುತ್ತೇನೆ ಎಂದು ಎದ್ದು ಬಂದೆ.

ಅವತ್ತು ಸಂಜೆ ಊಟ ಮಾಡಿ ಮಲಗಿದವಳಿಗೆ ಎಚ್ಚರವಾದಾಗ ಗಂಡ ಟೀ ಹಿಡಿದು ನಿಂತಿದ್ದರು, ಶನಿವಾರದ ಬಿಸಿಲು ಹಾಸಿಗೆಯವರೆಗೆ ಬಂದಿತ್ತು.