ವೇಲ್ಸಿನ ಅಜ್ಜಿಯ ಹಕ್ಕಿ, ಮೀನು

ಹಾರುವುದೆಲ್ಲ ನನಗೆ ಹಕ್ಕಿ, ಈಜುವುದೆಲ್ಲ ಮೀನು. ಹಿರಿಯೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವನು ಇದನ್ನು ಇಷ್ಟು ಸಲೀಸಾಗಿ ಒಪ್ಪಿಕೊಳ್ಳಬಾರದು. ಆದರೆ ನಿಮ್ಮ ಹತ್ತಿರ ಏನು ಮುಚ್ಚುಮರೆ?

ಎಪ್ಪತ್ತರ ದಶಕದಲ್ಲಿ ಪತ್ರಮೈತ್ರಿಯ ಹುಚ್ಚು ನನಗೂ ಅಂಟಿತ್ತು. ನನ್ನ ಪಾಲಿಗೆ ಬಂದ ಗೆಳತಿ ವೇಲ್ಸಿನ ಶಾಲೆಯೊಂದರ ಟೀಚರ್ ಮೆಗನ್. ಮಿಂಚುಳ್ಳಿಗೆ ತಮ್ಮ ವೇಲ್ಸಿನ ಭಾಷೆಯಲ್ಲಿ ‘ಗ್ಲಾಸ್ ಅ ದೋರ್ಲಾನ್’, ಅಂದರೆ ಹೊಳೆದಂಡೆಯ ನೀಲಿ ಅನ್ನುತ್ತಾರೆಂದು ಬರೆದಿದ್ದಳು. ಒಂದು ಮೀನು ‘ಪೆನ್‌ಹೂಯಡ್’, ಬಾತುಕೋಳಿ ತಲೆಯದಂತೆ. ಆಹಾ, ಹೆಸರಿಟ್ಟವರ ಕಣ್ಣೇ ಕಣ್ಣು! ಆದರೆ ಕಾಗದದ ಕೊನೆಯಲ್ಲಿ ಅಳು. ಇಂಥ ಹೆಸರುಗಳೆಲ್ಲ ಅವರ ಮನೆಯಲ್ಲಿ ಬರುತ್ತಿದ್ದದ್ದು ಅವಳ ಅಜ್ಜಿಗೊಬ್ಬಳಿಗೇ. ಬರೆದಿಟ್ಟುಕೊಳ್ಳೋಣವೆಂದು ಎದುರು ಕೂರಿಸಿ ಕೇಳಿದರೆ, ಎಂಬತ್ತಾರರ ಮುದುಕಿ ಒಂಬತ್ತು ಹೇಳಿ, ಉಳಿದದ್ದು ಮರೆತೆ ಎಂದು ಬಾಯಿ ಮುಚ್ಚಿದ್ದಳು. ಇನ್ನು ಅಜ್ಜಿಯ ಜೊತೆ ಅವೂ ಹೋಗುತ್ತವೆ ಅಂತ ಮೆಗನ್‌ಗೆ ಸಂಕಟ. ನಿಮ್ಮೂರಿನ ಹೆಸರುಗಳನ್ನಾದರೂ ಕಳಿಸು ಅಂದಿದ್ದಳು.

ನನಗೆಲ್ಲಿ ಗೊತ್ತು? ನೋಟ್‌ಬುಕ್ಕಿನಲ್ಲಿ ಒಂದರಿಂದ ಇಪ್ಪತ್ತೈದರ ತನಕ ಅಂಕಿ ಹಾಕಿಕೊಂಡು ಜವನಗೊಂಡನಹಳ್ಳಿಯ ಕುರಿಗಾರ ಈರಜ್ಜನ ಬಳಿ ಹೋದೆ. ಜಗಲಿಯ ಮೇಲೆ ಕೂರಿಸಿ, ಪರೀಕ್ಷೆಯ ಠೀವಿಯಲ್ಲಿ, ‘ಹಕ್ಕಿಗಳ ಹೆಸರು ಹೇಳಜ್ಜ’ ಅಂದೆ. ಗುಬ್ಬಿ, ಕಾಗೆ, ಹದ್ದು ಎಂದವನು ಅಲ್ಲಿಗೇ ನಿಂತ. ಪಾಪ, ಹಣೆಯಲ್ಲಿ ಬೆವರು.

“ಕುಂತ್ಕಂಡು ಕೇಳಿದ್ರೆ ಎಲ್ಲಿ ನೆಪ್ಪಾಗ್ತಾವೆ ಮೇಷ್ಟ್ರೇ? ಕುರಿ ಬಿಡೋ ಹೊತ್ತು. ಬರ್ರಿ ಹೋಗಾಣ, ಕಂಡಂಗೆ ಹೇಳ್ತೀನಿ.”

ಪೊದೆಯಿಂದ ಬುರ್ರೆಂದು ಎದ್ದದ್ದು ಗೌಜಲ. ಕುರಿಯ ಬೆನ್ನೇರಿ ಕೂತಿದ್ದು ಗೊರವಂಕ. ತಲೆಯ ಮೇಲೆ ಕಿರುಚಿಕೊಂಡು ಸುತ್ತಿದ್ದಕ್ಕೆ, “ಟಿಟ್ಟಿಬ. ಮೊಟ್ಟೆ ಇಟ್ಟೈತೆ, ಆ ಕಡೀಕ್ ತುಳೀಬ್ಯಾಡ್ರಿ” ಎಂದು ನನ್ನ ತೋಳು ಹಿಡಿದೆಳೆದ. ಹಳ್ಳದ ಮಡುವಿನಲ್ಲಿ ತಲೆ ಎತ್ತಿದ ಮೀನು ಕೊರವ. ಮಧ್ಯಾಹ್ನದ ಹೊತ್ತಿಗೆ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತಿತ್ತು, ಇಪ್ಪತ್ತೈದು ಮುಗಿದು ಅಂಚಿನಲ್ಲಿ ಗೀಚುತ್ತಿದ್ದೆ. ಈರಜ್ಜನೋ, ಹುಡುಗನ ಹಾಗೆ ಮುಂದೆ ಮುಂದೆ!

ಮೆಗನ್‌ಗೆ ಹೆಸರುಗಳ ಪಟ್ಟಿ ಕಳಿಸಿದೆ. ಮೇಲೆ ಒಂದೇ ಮಾತು: ‘ಅಜ್ಜಿಯನ್ನು ಕುರ್ಚಿಯಿಂದ ಎಬ್ಬಿಸಿ ಹೊಳೆದಂಡೆಗೆ ನಡೆಸು.’ ಅಂಚೆಗೆ ಹಾಕಿದ ಮೇಲೆ ಭಯ ಹತ್ತಿತು. ಆ ಚಳಿಯ ದೇಶದಲ್ಲಿ ಮುದುಕಿ ಜಾರಿ ಬಿದ್ದರೆ? ನನಗ್ಯಾಕೆ ಬೇಕಿತ್ತು ಈ ಹಿರೇತನ!

ಎರಡು ತಿಂಗಳಿಗೆ ಉತ್ತರ ಬಂತು. ‘ಅಜ್ಜಿಗೆ ನೆಗಡಿ’ ಎಂಬುದು ಮೊದಲ ಸಾಲು. ಮುಂದೆ ಓದಿದೆ:

‘ಆದರೂ ಬೆಳಗಾದರೆ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ. ಹೆಸರು ಅರವತ್ತು ದಾಟಿವೆ. ಬರೆದು ಬರೆದು ನನ್ನ ಕೈ ಸೋತಿದೆ, ಅವಳ ಬಾಯಿ ಸೋತಿಲ್ಲ.’