ದಿಬ್ಬ ಹತ್ತುವಾಗಿನ ಕಿಟಿಕಿಟಿ

ಮೇಸ್ತ್ರಿಗೆ ಮೈಯೆಲ್ಲ ಉರಿದುಹೋಗಿತ್ತು. ಉರಿಯದೆ ಇನ್ನೇನು? ನಲವತ್ತು ವರ್ಷ ಹಳೇ ಕಾರುಗಳ ಎಂಜಿನ್ ಬಿಚ್ಚಿ ಕಟ್ಟಿದವನ ಮುಂದೆ ಹಲ್ಲಿನ ಡಾಕ್ಟರೊಬ್ಬ ಮೂರನೇ ಸಲ ಕಾರು ತಂದು ನಿಲ್ಲಿಸಿ, "ಟೈಮಿಂಗ್ ಸರಿಯಾಗಿಲ್ಲ, ದಿಬ್ಬ ಹತ್ತುವಾಗ ಕಿಟಿಕಿಟಿ ಅನ್ನುತ್ತೆ" ಅಂದರೆ!

"ಹಲ್ಲು ಕೀಳೋನು ನನಗೆ ಟೈಮಿಂಗ್ ಹೇಳಿಕೊಡ್ತಾನೆ!" ಎಂದು ಮನೆ ಬಾಗಿಲಲ್ಲೇ ಕೂಗಾಡಿದ. "ಲೇ, ಚಪ್ಪಲಿ ಹಾಕ್ಕೋ, ಕಾರು ಹತ್ತು. ನೀನೇ ಸಾಕ್ಷಿ. ಆ ಮನುಷ್ಯನ ಬಾಯಿ ಇವತ್ತೇ ಮುಚ್ಚಿಸ್ತೀನಿ."

ಹೆಂಡತಿ ಒದ್ದೆ ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತಳು.

ಟೈಮಿಂಗ್ ಎಂದರೆ ಸಿಲಿಂಡರಿನೊಳಗೆ ಕಿಡಿ ಹಾರುವ ಗಳಿಗೆ. ಅದಕ್ಕೆ ಅವನು ಯಾವ ಅಳತೆಯ ಯಂತ್ರವನ್ನೂ ಮುಟ್ಟಿದವನಲ್ಲ, ಕಿವಿಯೇ ಸಾಕಿತ್ತು. ಕಿಡಿಯನ್ನು ಚೂರುಚೂರೇ ಮುಂದಕ್ಕೆ ತರುವುದು, ದಿಬ್ಬದಲ್ಲಿ ಡಬ್ಬದೊಳಗೆ ಕಲ್ಲು ಅಲ್ಲಾಡಿಸಿದಂಥ ಸದ್ದು ಬಂದ ಕೂಡಲೇ ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ ಬೋಲ್ಟು ಬಿಗಿಯುವುದು. ಆ ಸದ್ದನ್ನು ಹಾಗೇ ಬಿಟ್ಟರೆ ಪಿಸ್ಟನ್ನಿಗೇ ತೂತು. ಅವನ ಕೈಯಲ್ಲಿ ಒಂದಾದರೂ ಪಿಸ್ಟನ್ ಹಾಳಾದದ್ದುಂಟೆ? ಯಾರನ್ನು ಬೇಕಾದರೂ ಕೇಳಿ ನೋಡಿ!

ನೀರಿನ ಟ್ಯಾಂಕಿನ ಹಿಂದಿನ ದಿಬ್ಬಕ್ಕೆ ಟಾಪ್ ಗೇರಿನಲ್ಲೇ ಕಾರು ನುಗ್ಗಿಸಿದ. ಎಂಜಿನ್ ಏದುಸಿರು ಬಿಡುತ್ತಾ ಹತ್ತಿತು.

"ಈಗ ಹೇಳು, ಏನಾದ್ರೂ ಸದ್ದು ಇದೆಯಾ?"

"ಇದೆಯಲ್ಲ ರೀ. ಕಿಟಿಕಿಟಿ ಅಂತ."

"ಎಲ್ಲಿದೆ? ನಿನಗೇನು ಗೊತ್ತು ಎಂಜಿನ್ ವಿಚಾರ?"

"ಎಂಜಿನ್ ಗೊತ್ತಿಲ್ಲ. ಎರಡು ವರ್ಷದಿಂದ ಕುಕ್ಕರ್ ಸೀಟಿ ನಿಮಗೆ ಕೇಳಿಸ್ತಿಲ್ಲ ಅನ್ನೋದು ಗೊತ್ತು."

ಅವನು ಬ್ರೇಕು ತುಳಿದ. "ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆಯಾ?"

"ಹೇಳಿದ್ದೆ. ಹೇಳಿದಾಗಲೆಲ್ಲ ನನ್ನ ಮೇಲೇ ಹಾರಿಬಿದ್ರಿ."

ಬಾಗಿಲನ್ನು ಧಡಾರನೆ ಬಡಿದು ಇಳಿದ. ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುವುದು? ಡಾಕ್ಟರು ಹೇಳಿದ್ದು ನಿಜ, ಇವಳು ಹೇಳುವುದೂ ನಿಜ. ಬಾನೆಟ್ ಎತ್ತಿ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ, ಚೂರು ಹಿಂದಕ್ಕೆ ತಿರುಗಿಸಿದ. ಕೆಳಗಿಳಿಸಿ ಮತ್ತೆ ಹತ್ತಿಸಿದ. "ಇನ್ನೂ ಇದೆ" ಎಂದಳು. ಇನ್ನೊಂದು ಚೂರು. "ಇದೆ." ನಾಲ್ಕನೇ ಸಲ ದಿಬ್ಬದ ತುದಿ ಮುಟ್ಟಿದರೂ ಅವಳು ತುಟಿ ಬಿಚ್ಚಲಿಲ್ಲ.

"ಏನು, ಬಾಯಿಗೆ ಬೀಗ ಬಿತ್ತಾ?"

"ಈಗ ಇಲ್ಲ ರೀ. ನಿಂತೋಯ್ತು."

ಅವನಿಗೆ ನಾಲ್ಕು ಸಲವೂ ಕೇಳಿಸಿದ್ದು ಒಂದೇ ಸದ್ದು, ಎಂಜಿನ್ನಿನ ಏದುಸಿರು. ಇಳಿದು ಸ್ಪ್ಯಾನರ್ ಹಿಡಿದರೂ ಬಿಗಿಯಲು ಕೈ ಬಾರದು.

"ಸರಿಯಾಗಿ ಕೇಳಿದೆಯಾ? ಇಲ್ಲ ಅಂದ್ರೆ ಇಲ್ಲ ತಾನೇ?" ಎಂದು ಗದರಿದ.

"ಇಲ್ಲ."

ಇನ್ನೊಬ್ಬರ ಕಿವಿ ನಂಬಿ ಅವನು ಬೋಲ್ಟು ಬಿಗಿದದ್ದು ಜೀವಮಾನದಲ್ಲೇ ಅದು ಮೊದಲು.

"ನಾಳೆ ಒಂಬತ್ತಕ್ಕೆ ಇನ್ನೊಂದು ಕಾರು ಬರುತ್ತೆ" ಎಂದು ಅವಳ ಮುಖ ನೋಡದೆ ಗುಡುಗಿದ. "ತಡ ಮಾಡಬೇಡ."