ದಿಂಬು ಕಸಿಯುವ ಡಾಕ್ಟರಮ್ಮ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ವಾರ್ಡಿನ ಕಿಟಕಿಗಳು ಆಗಷ್ಟೇ ಬೂದು ಬಣ್ಣಕ್ಕೆ ತಿರುಗುತ್ತಿವೆ. ಕಾರಿಡಾರಿನ ಆ ತುದಿಯಲ್ಲಿ ರಬ್ಬರ್ ಚಪ್ಪಲಿಯ ಪಟಪಟ ಸದ್ದು ಕೇಳಿದ್ದೇ ತಡ, ಹಾಸಿಗೆಯಿಂದ ಹಾಸಿಗೆಗೆ ಪಿಸುಮಾತು ಹರಿಯುತ್ತದೆ: "ಬಂದ್ರು, ದಿಂಬು ತೆಗೀರಿ." ಕಥೆಯ ರಾಕ್ಷಸಿಗೆ ಮನುಷ್ಯರ ವಾಸನೆ ಬಡಿಯುವಂತೆ ಈ ಡಾಕ್ಟರಮ್ಮನಿಗೆ ದಿಂಬಿನ ವಾಸನೆ ಬಡಿಯುತ್ತದೆ. ಕಿಟಕಿ ಪಕ್ಕದ ಹಾಸಿಗೆಯ ಹೊದಿಕೆ ಸರಿಸಿ, ಇಸ್ತ್ರಿ ಅಂಗಡಿ ನಡೆಸುವ ಇಸ್ತ್ರಿಯಮ್ಮನ ಮಂಡಿಯಡಿಯಿಂದ ದಿಂಬನ್ನು ಎಳೆದು ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತಾರೆ.

"ಮತ್ತೆ ಇಟ್ಕೊಂಡ್ರಾ?"

"ಮಗಳು ಪಾಪ, ಪ್ರೀತಿಯಿಂದ ಇಟ್ಟಿದ್ದಾಳೆ ಡಾಕ್ಟರಮ್ಮ. ಹಾಯಾಗಿರುತ್ತೆ."

"ಹಾಯಾಗಿರೋದೇ ತೊಂದರೆ. ಅಷ್ಟು ಪ್ರೀತಿ ಇದ್ರೆ ಹಿಮ್ಮಡಿ ಕೆಳಗೆ ಇಡಲಿ."

"ಅಲ್ಲಿಟ್ರೆ ಜೀವ ಹೋಗುತ್ತೆ."

"ಹೋಗಲ್ಲ. ಹೋಗೋ ಹಾಗಿದ್ರೆ ಈ ವಾರ್ಡಲ್ಲಿ ಯಾರೂ ಉಳೀತಿರಲಿಲ್ಲ."

ಸವೆದ ಮಂಡಿ, ಸವೆದ ಸೊಂಟದ ಕೀಲು ಬದಲಿಸುವುದು ಇವರ ಕಸುಬು. ಮೂಳೆಯ ತುದಿಯನ್ನು ಗರಗಸದಿಂದ ಕೊಯ್ದು, ಲೋಹದ ಟೊಪ್ಪಿಯನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸುತ್ತಾರೆ. ದಿನಕ್ಕೆ ಮೂರು ಆಪರೇಷನ್ ಆದರೆ ಸಂಜೆ ತಲೆ ಬಾಚಲು ಕೈ ಏಳುವುದಿಲ್ಲ. ಅದರ ಬಗ್ಗೆ, ಪೇಪರಿಗೆ ಬರೆಯಲು ಬಂದವರ ಮುಂದೆಯೂ, ಅವರದೇನೂ ದೂರಿಲ್ಲ. "ಆಪರೇಷನ್ ಸುಲಭ ರೀ. ಪೇಶೆಂಟು ನಿದ್ದೆಯಲ್ಲಿರ್ತಾರೆ, ನೆಂಟರು ಬಾಗಿಲ ಹೊರಗಿರ್ತಾರೆ. ಇಬ್ಬರೂ ಒಟ್ಟು ಸೇರಿದ ಮೇಲೇ ನನ್ನ ಗ್ರಹಚಾರ ಶುರು."

ಹೊಸ ಮಂಡಿಯನ್ನು ಮೊದಲ ವಾರಗಳಲ್ಲೇ ನೋವು ನುಂಗಿಕೊಂಡು ಪೂರ್ತಿ ಚಾಚಬೇಕು. ಅಡಿಯಲ್ಲಿ ದಿಂಬಿದ್ದರೆ ಕಾಲು ಸ್ವಲ್ಪ ಬಾಗಿಯೇ ಮಲಗುತ್ತದೆ, ನೋವು ತಗ್ಗುತ್ತದೆ, ಹಿಂಬದಿಯ ಸ್ನಾಯು ಹಾಗೇ ಬಿಗಿದುಕೊಳ್ಳುತ್ತದೆ. ಆಮೇಲೆ ಜನ್ಮಪೂರ್ತಿ ಕುಂಟು. ಇಸ್ತ್ರಿಯಮ್ಮನದು ಬೆಳಗಿನಿಂದ ಸಂಜೆಯವರೆಗೆ ಮೇಜಿನ ಮುಂದೆ ನಿಲ್ಲುವ ಕೆಲಸ. ಬಾಗಿದ ಮಂಡಿಯಲ್ಲಿ ಅರ್ಧ ಗಂಟೆ ನಿಲ್ಲುವಷ್ಟರಲ್ಲಿ ತೊಡೆ ಸೋಲುತ್ತದೆ. ಕಾಲು ನೆಟ್ಟಗಾಗದಿದ್ದರೆ ಅಂಗಡಿಗೆ ಬೀಗ ಬಿದ್ದಂತೆಯೇ.

ಡಾಕ್ಟರಮ್ಮನ ಸಿಟ್ಟಿಗೆ ಮನೆಯೊಳಗಿನದೊಂದು ಕಾರಣವೂ ಇದೆ. ತಂದೆ ಬಡಗಿ, ಆಯುಸ್ಸೆಲ್ಲ ಬಾಗಿಲುಗಳಿಗೆ ಕೀಲು ಹಾಕಿದವರು. ತಾಯಿಯ ಮಂಡಿಯನ್ನು ಮಗಳೇ ಬದಲಿಸಿದಾಗ, ಮಗಳ ಕಣ್ಣು ತಪ್ಪಿಸಿ ದಿನವೂ ಮಂಡಿಯಡಿ ದಿಂಬಿಟ್ಟವರು ಈ ಅಪ್ಪನೇ. ಆ ಕಾಲು ಇಂದಿಗೂ ಪೂರ್ತಿ ಚಾಚುವುದಿಲ್ಲ. "ಹೊಸ ಕೀಲು ಹಾಕಿ ಬಾಗಿಲನ್ನ ಅರೆಬರೆ ತೆರೆದೇ ಬಿಡ್ತೀರಾ ಅಪ್ಪ ಅಂತ ಕೂಗಾಡಿದೆ. 'ಬಾಗಿಲು ಅಳಲ್ಲ ಮಗಳೇ' ಅಂದ್ರು."

ಇಸ್ತ್ರಿಯಮ್ಮನ ಮಗಳೂ ಸುಮ್ಮನೆ ಸೋಲುವವಳಲ್ಲ. "ತೆಗೆದು ಹೋಗೋದು ಸುಲಭ ಮೇಡಂ. ಒಂದು ಗಳಿಗೆ ಪಕ್ಕದಲ್ಲಿ ಕೂತು ಅಮ್ಮ ನರಳೋದು ಕೇಳಿ."

ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಕೂರುತ್ತಾರೆ. ದಿಂಬನ್ನು ಹಿಮ್ಮಡಿಯ ಕೆಳಗಿಟ್ಟು, ಕಾಲು ನೆಟ್ಟಗಾಗುವಂತೆ ಮಂಡಿಯ ಮೇಲೆ ಅಂಗೈ ಊರುತ್ತಾರೆ.

"ಅಯ್ಯಯ್ಯೋ, ನಿನ್ನ ಕೈ ಸೇದಿಹೋಗ," ಎನ್ನುತ್ತಾಳೆ ಇಸ್ತ್ರಿಯಮ್ಮ.

"ಹೋಗ್ಲಿ. ಇವತ್ತು ಮೂರು ಆಪರೇಷನ್ ಇದೆ, ಮುಗಿದ ಮೇಲೆ ಹೋಗ್ಲಿ. ಇನ್ನಷ್ಟು ಬೈಯ್ರಿ, ತೊಡೆ ಬಿಗಿ ಮಾಡಿ ಬೈಯ್ರಿ."

ಬೈಗುಳ ಮುಗಿಯುವವರೆಗೂ ಅವರು ಕದಲುವುದಿಲ್ಲ. ಮಗಳು ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಾಳೆ, ಆದರೆ ದಿಂಬು ಮುಟ್ಟುವುದಿಲ್ಲ. ಏಳುವಾಗ ಡಾಕ್ಟರಮ್ಮ ಅವಳಿಗೆ ಮೆಲ್ಲಗೆ ಹೇಳುತ್ತಾರೆ: "ಇದೇ ನಿನ್ನ ಕೆಲಸ. ಕೂತು ಬೈಸಿಕೊಳ್ಳೋದು."

ಕೆಲವು ವಾರಗಳ ನಂತರ ತಾಯಿ ಮಗಳು ತಪಾಸಣೆಗೆ ಬಂದಿದ್ದಾರೆ. ಇಸ್ತ್ರಿಯಮ್ಮ ಮಂಚದ ಮೇಲೆ ಕಾಲು ಚಾಚುತ್ತಾಳೆ. ಡಾಕ್ಟರಮ್ಮ ಮಂಡಿಯ ಕೆಳಗೆ ಬೆರಳು ತೂರಿಸಲು ನೋಡುತ್ತಾರೆ. ಈ ಬದಿಯಿಂದ ಆಗುವುದಿಲ್ಲ, ಆ ಬದಿಯಿಂದಲೂ ಆಗುವುದಿಲ್ಲ. ಮಂಡಿ ಮಂಚಕ್ಕೆ ಅಂಟಿ ಕೂತಿದೆ. ಮಗಳು ಬಿಗಿಹಿಡಿದಿದ್ದ ಉಸಿರು ಬಿಡುತ್ತಾಳೆ.

"ಅಂಗಡಿ ತೆಗೀಬಹುದಾ?" ಎನ್ನುತ್ತಾಳೆ ಇಸ್ತ್ರಿಯಮ್ಮ.

"ತೆಗೀರಿ. ಮೊದಲು ಅರ್ಧ ದಿನ. ಅರ್ಧ ದಿನ ಅಂದ್ರೆ ಅರ್ಧ ದಿನವೇ."

ಅವರು ಹೋದ ಮೇಲೆ, ನಿಮಗೇನು ಆಸೆ ಎಂದು ಕೇಳಿದರೆ, ಅದೂ ಒಂದು ಪ್ರಶ್ನೆಯೇ ಎಂಬಂತೆ ನಿಟ್ಟುಸಿರು ಬಿಡುತ್ತಾರೆ. "ಇವರೆಲ್ಲ ಬೀದೀಲಿ ಸಿಕ್ಕಾಗ ನನಗೆ ನಮಸ್ಕಾರ ಹೇಳೋಕೆ ನಿಲ್ಲೋದು ಬೇಡ. ಬಸ್ಸು ಬಂತು ಅಂತ ನನ್ನ ದಾಟ್ಕೊಂಡು ಓಡಿಹೋದ್ರೆ ಸಾಕು." ಮರುಕ್ಷಣವೇ ಗಾಬರಿಯಾಗುತ್ತಾರೆ. "ಓಡಿ ಅಂತ ಬರೀಬೇಡಿ. ಪೇಪರಲ್ಲಿ ಓದಿ ನಿಜವಾಗ್ಲೂ ಓಡಿಬಿಡ್ತಾರೆ ಇವರು. ನಡ್ಕೊಂಡೇ ಹೋಗ್ಲಿ."